ಶಿವನಸಮುದ್ರಕ್ಕೆ ಒಬ್ಬನೇ ಹೋದುದು

ದ್ವೀಪವೆಂದರೇನೆಂದು ಮೂವತ್ತು ವರ್ಷ ತರಗತಿಯಲ್ಲಿ ಕೇಳಿದವನು ನಾನು. ‘ದ್ವಿ’ ಎಂಬುದಕ್ಕೆ ನೀರೆಂಬರ್ಥದ ‘ಅಪ್’ ಶಬ್ದವು ಸೇರಿ, ಎರಡು ಕಡೆಯೂ ನೀರುಳ್ಳದ್ದು ದ್ವೀಪವಾಯಿತೆಂದು ವ್ಯುತ್ಪತ್ತಿ ಹೇಳಿ, ಶಿವನಸಮುದ್ರವನ್ನು ಉದಾಹರಣೆ ಕೊಡುತ್ತಿದ್ದೆನು. ಬಾಲಕರನ್ನು ಎರಡು ಬಾರಿ ಅಲ್ಲಿಗೆ ಕರೆದೊಯ್ದದ್ದೂ ಉಂಟು. ಎರಡನೆಯ ಬಾರಿ ಒಬ್ಬ ಹುಡುಗನು ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿದನು. ಅಂಗಿಯ ಕೊರಳಪಟ್ಟಿ ನನ್ನ ಕೈಗೆ ಸಿಕ್ಕಿದ್ದರಿಂದ ಉಳಿದನು. ಆಮೇಲೆ ನಾನು ಪ್ರವಾಸದ ಮಾತನ್ನೇ ಎತ್ತಲಿಲ್ಲ. ನಿಜ ಹೇಳುವುದಾದರೆ, ಎರಡು ಸಲ ಹೋಗಿಯೂ ನಾನು ನೀರನ್ನು ನೋಡಿರಲಿಲ್ಲ; ತಲೆಗಳನ್ನೆಣಿಸುವುದರಲ್ಲಿಯೇ ಹೊತ್ತು ಕಳೆದಿತ್ತು.

ಆದುದರಿಂದ ಈ ಶ್ರಾವಣದಲ್ಲಿ ಒಬ್ಬನೇ ಹೊರಟೆನು. “ಈ ವಯಸ್ಸಿನಲ್ಲಿ ಒಬ್ಬರೇ ಏಕಪ್ಪಾ? ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ” ಎಂದನು ಮಗ. ಅವನ ಭಾನುವಾರಗಳನ್ನು ನಾನು ಬಲ್ಲೆನು. ಸೊಸೆ ಕಟ್ಟಿಕೊಟ್ಟ ಬುತ್ತಿ, ಒಂದು ಕೊಡೆ, ಇಷ್ಟೇ ಸಾಮಾನು. ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಕೊಳ್ಳೇಗಾಲದ ಬಸ್ಸು. ನಡುವೆ ಇಳಿದು ಆಟೋ ಹಿಡಿದೆನು.

ಕಾವೇರಿಯು ಇಲ್ಲಿ ಎರಡು ಕವಲಾಗಿ ದ್ವೀಪವನ್ನು ತಬ್ಬಿ, ಬೆಟ್ಟಗಳ ನಡುವಣ ಕಮರಿಗೆ ಧುಮುಕುತ್ತಾಳೆ. ಎಡದ ಕವಲು ಗಗನಚುಕ್ಕಿ, ಬಲದ್ದು ಭರಚುಕ್ಕಿ. ಎಡದಂಡೆಯ ವಿದ್ಯುದಾಗಾರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರಲ್ಲಿ. ದ್ವೀಪವಾದರೋ ಕೊಳ್ಳೇಗಾಲದ ಸೀಮೆಯದು; ೧೯೫೬ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹೊಳೆ ಒಂದೇ, ದಡಕ್ಕೊಂದು ಸರ್ಕಾರ! ಹಳೆಯ ಕಲ್ಲು ಸೇತುವೆಯ ಒಂದು ಭಾಗವನ್ನು ೨೦೧೮ರ ಪ್ರವಾಹವು ಕೊಚ್ಚಿಕೊಂಡು ಹೋಯಿತು.

ಮೊದಲು ರಂಗನಾಥನ ದರ್ಶನ ಮಾಡಿದೆನು. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನ ಮಧ್ಯರಂಗನೀತನು. ನೂಕುನುಗ್ಗಲಿರಲಿಲ್ಲ, ಕಣ್ತುಂಬ ನೋಡಿದೆನು.

ಭರಚುಕ್ಕಿಯಲ್ಲಿ ಮೆಟ್ಟಿಲಿಳಿಯಲು ಮೊಣಕಾಲು ಒಪ್ಪಲಿಲ್ಲ, ಮೇಲೆಯೇ ಕುಳಿತೆನು. ಒಂದೇ ಧಾರೆಯೆಂದು ನೆನಪಿನಲ್ಲಿತ್ತು. ಹಾಗಲ್ಲ; ಬಂಡೆಯ ಅಂಚಿನುದ್ದಕ್ಕೂ ಹತ್ತಾರು ಎಳೆಗಳು. ಕೆಲವು ಮರದ ಬೇರುಗಳ ನಡುವಿನಿಂದ ತೆಳ್ಳಗೆ ಇಳಿಯುತ್ತವೆ, ಕೆಲವು ಕೆಂಪು ಮಣ್ಣನ್ನು ಹೊತ್ತು ಭೋರೆಂದು ಬೀಳುತ್ತವೆ. ಗಾಳಿ ತಿರುಗಿದಾಗಲೆಲ್ಲ ತುಂತುರು ಬಂದು ಕನ್ನಡಕವನ್ನು ಮಂಜು ಮಾಡಿತು. ಒರೆಸಿ ಮತ್ತೆ ನೋಡಿದೆನು. ಹೀಗೆ ಒಂದು ಗಂಟೆಯಾಗಿರಬೇಕು.

ಅಷ್ಟರಲ್ಲಿ ಮೂವರು ಹುಡುಗರು ಬೇಲಿಯನ್ನು ದಾಟಿ, ಒದ್ದೆ ಬಂಡೆಯ ಮೇಲೆ ನೀರಿಗೆ ಬೆನ್ನು ಮಾಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳತೊಡಗಿದರು. ನನಗರಿವಿಲ್ಲದೆಯೇ ಹಳೆಯ ಗಂಟಲು ಹೊರಟಿತು: “ಏ! ಹಿಂದಕ್ಕೆ ಬನ್ರೋ!” ಇಬ್ಬರು ಬಂದರು. ಮೂರನೆಯವನು ನಕ್ಕು ಅಲ್ಲಿಯೇ ನಿಂತನು. ನಾನು ಎದ್ದು ಬೇಲಿಯ ಬಳಿ ಹೋಗಿ ಕೈ ಚಾಚಿದೆನು, ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಅವನೂ ಕೈ ಹಿಡಿದು ಈಚೆಗೆ ಬಂದನು.

“ಯಾವ ಸ್ಕೂಲ್ ಮೇಷ್ಟ್ರು ಸಾರ್ ನೀವು?” ಎಂದು ಕೇಳಿದನು.

ಬುತ್ತಿಯ ಮೊಸರನ್ನವನ್ನು ನಾಲ್ವರೂ ಹಂಚಿಕೊಂಡು ತಿಂದೆವು. ಆಟೋ ಹತ್ತುವಾಗ ತಿರುಗಿ ನೋಡಿದೆನು. ಮೂವರೂ ಬೇಲಿಯ ಈಚೆಗೇ ಇದ್ದರು.