ಬೆಟ್ಟಕ್ಕೊಂದು ಸಣ್ಣ ಟ್ರ್ಯಾಕ್ಟರ್

ಗಿಂಡಿಯಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಕುಳಿತು ಟ್ರ್ಯಾಕ್ಟರ್ ಬಗ್ಗೆ ಬರೆಯುತ್ತಿದ್ದೇನೆ ಅಂದರೆ ನಿಮಗೆ ನಗು ಬರಬಹುದು. ನಮ್ಮ ಬ್ರಾಂಚಿನಲ್ಲೂ ನಕ್ಕರು. "ಎಂದ ವಂಡಿ ಸಾರ್?" ಅಂತ ಕೇಳಿದ ಕ್ಯಾಷಿಯರ್‌ಗೆ ಕಂಪನಿಯ ಹೆಸರು ಹೇಳಿದೆ. ಅವನು ಸುಮ್ಮನೆ ನನ್ನ ಮುಖ ನೋಡಿದ. ಅಂಥ ಹೆಸರು ಅವನು ಕೇಳಿಯೇ ಇರಲಿಲ್ಲ. ಸುಳ್ಳು ಯಾಕೆ, ಅದಕ್ಕೆ ಒಂದು ವರ್ಷ ಮೊದಲು ನಾನೂ ಕೇಳಿರಲಿಲ್ಲ. ಆದರೆ ಊರು ಬಿಟ್ಟು ಬಂದು, ಊರಲ್ಲಿ ಇನ್ನೂ ಜಮೀನು ಇರುವ ನಮ್ಮಂಥವರಿಗೆಲ್ಲ ಇವತ್ತಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮದು ಸಿದ್ದಾಪುರ ಕಡೆ. ಮೂರು ಎಕರೆ ಅಡಿಕೆ ತೋಟ, ಅದಕ್ಕೆ ತಗುಲಿಕೊಂಡು ಸುಮಾರು ಇಪ್ಪತ್ತು ಎಕರೆ ಸೊಪ್ಪಿನ ಬೆಟ್ಟ. ಬಯಲುಸೀಮೆಯ ಸ್ನೇಹಿತರಿಗೆ ಸೊಪ್ಪಿನ ಬೆಟ್ಟ ಅಂದರೆ ಅರ್ಥವಾಗುವುದಿಲ್ಲ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಇದು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಕಾಡನ್ನು ಸೊಪ್ಪು, ದರಕು ತೆಗೆದುಕೊಳ್ಳಲು ಬಿಟ್ಟುಕೊಟ್ಟಿದ್ದಾರೆ. ಜಾಗ ಸರ್ಕಾರದ್ದು, ಅನುಭೋಗ ನಮ್ಮದು. ಮರ ಕಡಿದು ಮಾರುವ ಹಾಗಿಲ್ಲ, ಉತ್ತು ಬಿತ್ತುವ ಹಾಗಿಲ್ಲ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರ ತೋಟಕ್ಕೆ. ನೂರಾರು ವರ್ಷಗಳಿಂದ ತೋಟ ಬದುಕಿರುವುದು ಈ ಬೆಟ್ಟದ ದಯೆಯಿಂದ.

ಈ ಸೊಪ್ಪನ್ನು ಇಷ್ಟು ವರ್ಷ ತಂದದ್ದು ಮನುಷ್ಯರ ತಲೆ. ನಮ್ಮ ಅಮ್ಮ ಹೊತ್ತರು, ಅತ್ತಿಗೆ ಹೊತ್ತರು, ಆಳುಗಳು ಹೊತ್ತರು. ಈಗ ಆಳು ಸಿಗುವುದಿಲ್ಲ. ಸಿಕ್ಕರೂ ಹೊರೆ ಹೊರುವ ಕೆಲಸಕ್ಕೆ ಬರುವುದಿಲ್ಲ, ಅವರದ್ದೇನೂ ತಪ್ಪಿಲ್ಲ. ಅಣ್ಣನಿಗೆ ಅರವತ್ತಾರು. ಮಗ ಬೆಂಗಳೂರಿನಲ್ಲಿ. ಮೇಲಿಂದ ಮೂರ್ನಾಲ್ಕು ವರ್ಷಗಳಿಂದ ಎಲೆಚುಕ್ಕೆ ರೋಗ ಬೇರೆ. ಫಸಲು ಇಳಿದಿದೆ, ಮದ್ದು ಹೊಡೆಯುವ ಖರ್ಚು ಏರಿದೆ. 2025ರ ಮಳೆಗಾಲದಲ್ಲಿ ಅಣ್ಣ ಫೋನಿನಲ್ಲಿ, "ತಮಾ, ತೋಟ ಯಾರಿಗಾದ್ರೂ ಲೀಸಿಗೆ ಕೊಟ್ಬಿಡನ ಅಂತ ಮಾಡಿದ್ದೆ" ಅಂದ. ಅಣ್ಣನ ಬಾಯಿಂದ ಆ ಮಾತು ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಲೀಸಿಗೆ ಕೊಟ್ಟ ತೋಟದ ಗತಿ ನಮ್ಮ ಊರಲ್ಲೇ ನಾಲ್ಕು ಕಡೆ ನೋಡಿದ್ದೇನೆ. ಅಡಿಕೆ ಕೊಯ್ಯುತ್ತಾರೆ, ಗೊಬ್ಬರ ಹಾಕುವುದಿಲ್ಲ.

ಹಾಗೆ ಶುರುವಾದದ್ದು ಟ್ರ್ಯಾಕ್ಟರ್ ಹುಡುಕಾಟ.

ಟ್ರ್ಯಾಕ್ಟರ್ ವಿಷಯದಲ್ಲಿ ಚೆನ್ನೈ ಕಡಿಮೆ ಊರೇನಲ್ಲ. ಟಾಫೆ 1960ರಲ್ಲಿ ಹುಟ್ಟಿದ್ದು ಇಲ್ಲೇ. ಜಪಾನಿನ ಕುಬೋಟಾ 2008ರಲ್ಲಿ ತನ್ನ ಭಾರತದ ಕಂಪನಿ ಶುರು ಮಾಡಿದ್ದೂ ಇಲ್ಲೇ. ನಮ್ಮ ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು. ಮಲೆನಾಡಿನಲ್ಲಿ 'ಟಿಲ್ಲರ್' ಅಂದರೆ ಮೊದಲು ನೆನಪಾಗುವ ಹೆಸರು ಅದೇ. ಸಣ್ಣ ಟ್ರ್ಯಾಕ್ಟರಿಗೆ ಬಂದರೆ ಮಹೀಂದ್ರಾದ ಯುವರಾಜ್ 215 ಇದೆ, 15 ಎಚ್‌ಪಿ, ಒಂದೇ ಸಿಲಿಂಡರ್. ಜೀವೋ ಇದೆ, ಕುಬೋಟಾದ ನಿಯೋಸ್ಟಾರ್ ಇದೆ, ಇವೆರಡೂ 24 ಎಚ್‌ಪಿ ಆಸುಪಾಸು, ನಾಲ್ಕೂ ಚಕ್ರಕ್ಕೆ ಶಕ್ತಿ. 2021ರಲ್ಲಿ ಸ್ವರಾಜ್ 'ಕೋಡ್' ಅಂತ ಪೆಟ್ರೋಲಿನದ್ದೊಂದು ತಂದಿತು. ಇವಲ್ಲದೆ ರಾಜಕೋಟ್ ಕಡೆಯಿಂದ, ಪಂಜಾಬ್ ಹರಿಯಾಣದಿಂದ ನಾವು ಕೇಳದ ಎಷ್ಟೋ ಹೆಸರುಗಳು.

ನಮಗೆ ಬೇಕಾದದ್ದು ಏನು ಅಂತ ಮೊದಲು ಅಣ್ಣ ನಾನು ಕೂತು ಪಟ್ಟಿ ಮಾಡಿದೆವು. ಇಲ್ಲಿ ಒಂದು ವಿಚಿತ್ರ ಇದೆ. ಟ್ರ್ಯಾಕ್ಟರ್ ಮಾರುವವರೆಲ್ಲ ಉಳುಮೆಯ ಬಗ್ಗೆ ಮಾತಾಡುತ್ತಾರೆ, ರೋಟವೇಟರ್ ಮೇಲೆ ರಿಯಾಯಿತಿ ಕೊಡುತ್ತೇವೆ ಅನ್ನುತ್ತಾರೆ. ನಮಗೆ ಉಳುಮೆಯೇ ಇಲ್ಲವಲ್ಲ! ನಮ್ಮ ಕೆಲಸ ಮೂರು. ಬೆಟ್ಟದಿಂದ ಸೊಪ್ಪು, ದರಕು ಇಳಿಸುವುದು. ತೋಟದ ಅಂಚಿನಿಂದ ಕೊನೆ ಅಂಗಳಕ್ಕೆ ತರುವುದು. ಪಿಟಿಒಗೆ ಪಂಪ್ ಕಟ್ಟಿ ಮದ್ದು ಹೊಡೆಯುವುದು. ಅಡಿಕೆ ಮರದ ಸಾಲು ಒಂಬತ್ತು ಅಡಿ ಅಂತರದ್ದು, ನಾಲ್ಕು ಅಡಿ ಅಗಲದ ಗಾಡಿ ಆರಾಮವಾಗಿ ಹೋಗಬೇಕು ಅಂತ ಪೇಟೆಯವರು ಲೆಕ್ಕ ಹಾಕುತ್ತಾರೆ. ನಮ್ಮ ಕಣಿವೆ ತೋಟದಲ್ಲಿ ಸಾಲಿಗೊಂದು ಕಾದಿಗೆ ಇದೆ, ಗಾಡಿ ಒಳಗೆ ಇಳಿಯುವುದೇ ಇಲ್ಲ. ಹಳ್ಳ ದಾಟುವ ಸಂಕವೋ, ಅಡಿಕೆ ದಬ್ಬೆಯದ್ದು. ಎಂಟುನೂರು ಕಿಲೋ ತೂಕದ ಯಂತ್ರ ಅದರ ಮೇಲೆ ಹೋದರೆ ಯಂತ್ರವೂ ಹಳ್ಳಕ್ಕೆ, ಅಣ್ಣನೂ ಹಳ್ಳಕ್ಕೆ. ಆದ್ದರಿಂದ ಟ್ರ್ಯಾಕ್ಟರಿನ ಬಜೆಟ್ಟಿನಲ್ಲಿ ಎರಡು ಕಾಂಕ್ರೀಟ್ ಸಂಕವನ್ನೂ ಸೇರಿಸಿದೆವು.

ದೊಡ್ಡ ಹೆಸರಿನ ಗಾಡಿಗಳಲ್ಲಿ ನಮ್ಮ ಅಗಲಕ್ಕೆ, ನಮ್ಮ ಏರಿಗೆ, ನಮ್ಮ ದುಡ್ಡಿಗೆ ಮೂರಕ್ಕೂ ಹೊಂದುವುದು ಸಿಗಲಿಲ್ಲ. ಹೊಂದಿದ್ದು ಈ ಕೇಳದ ಹೆಸರಿನದು. ಹೆಸರು ಬರೆಯುವುದಿಲ್ಲ, ಜಾಹೀರಾತೂ ಬೇಡ ದೂರೂ ಬೇಡ. ನಾಲ್ಕು ಚಕ್ರದ ಶಕ್ತಿ, 20 ಎಚ್‌ಪಿ ಒಳಗೆ, ಒಟ್ಟು ಅಗಲ ನಾಲ್ಕು ಅಡಿಗೂ ಕಡಿಮೆ, ತೆರಿಗೆ ಬಿಟ್ಟು ಸುಮಾರು ಐದು ಲಕ್ಷ.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಮಷಿನ್ ತರದು ಸುಲಭ ಮಾರಾಯಾ, ಹಾಳಾದ ದಿನ ಯಾರು ಬತ್ತ?"

ನನ್ನ ಬ್ಯಾಂಕಿನ ಅನುಭವವೂ ಇದೇ ಪ್ರಶ್ನೆ ಕೇಳುತ್ತದೆ. ಸಾಲ ತೀರದೆ ಜಪ್ತಿಯಾದ ಟ್ರ್ಯಾಕ್ಟರುಗಳ ಹರಾಜು ನಾನು ನೋಡಿದ್ದೇನೆ. ಎಲ್ಲರಿಗೂ ಗೊತ್ತಿರುವ ಬ್ರಾಂಡಿಗೆ ಹತ್ತು ಜನ ಕೂಗುತ್ತಾರೆ. ಗೊತ್ತಿಲ್ಲದ ಬ್ರಾಂಡಿಗೆ ಗುಜರಿಯವನು ಮಾತ್ರ ಬರುತ್ತಾನೆ. ಹಾಗಂತ ದೊಡ್ಡ ಹೆಸರು ಶಾಶ್ವತ ಅಂತಲೂ ಇಲ್ಲ. ನಮ್ಮ ಎಚ್‌ಎಂಟಿ 1971ರಲ್ಲಿ ಪಿಂಜೋರ್‌ನಲ್ಲಿ ಜೆಟರ್ ತಂತ್ರಜ್ಞಾನದಿಂದ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. ಒಂದು ಕಾಲಕ್ಕೆ ಎಂಥ ಹೆಸರು! 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಫೋರ್ಸ್ ಮೋಟಾರ್ಸ್ 'ಆರ್ಚರ್ಡ್' ಅಂತ ತೋಟಕ್ಕೆಂದೇ ಗಾಡಿ ಮಾಡುತ್ತಿತ್ತು, 2024ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನೇ ಬಿಟ್ಟಿತು. ಕಂಪನಿ ಹೋದರೂ ಗಾಡಿ ಓಡಬೇಕು, ಆ ಲೆಕ್ಕದಲ್ಲೇ ಕೊಳ್ಳಬೇಕು.

ಅದಕ್ಕೆ ನಾವು ಮೂರು ಪರೀಕ್ಷೆ ಇಟ್ಟುಕೊಂಡೆವು.

ಮೊದಲನೆಯದು ಬುದ್ನಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ, 1955ರಿಂದ. ಅಲ್ಲಿ ಟ್ರ್ಯಾಕ್ಟರನ್ನು ಓಡಿಸಿ, ಎಳೆಸಿ, ಕೊನೆಗೆ ಬಿಚ್ಚಿಯೂ ನೋಡಿ ವರದಿ ಬರೆಯುತ್ತಾರೆ. ಷೋರೂಮಿನ ಕಾಗದದಲ್ಲಿ ಬರೆದಿರುವುದು ಎಂಜಿನ್ನಿನ ಎಚ್‌ಪಿ. ಬುದ್ನಿ ವರದಿಯಲ್ಲಿ ಪಿಟಿಒಗೆ ಎಷ್ಟು ಬರುತ್ತದೆ, ಡೀಸೆಲ್ ಎಷ್ಟು ಕುಡಿಯುತ್ತದೆ, ಹಿಂದಿನ ಲಿಫ್ಟ್ ಎಷ್ಟು ಕಿಲೋ ಎತ್ತುತ್ತದೆ ಎಲ್ಲ ಇರುತ್ತದೆ. ಬ್ಯಾಲೆನ್ಸ್ ಶೀಟ್ ಓದಿದವನಿಗೆ ಈ ವರದಿ ಓದುವುದು ಕಷ್ಟವಲ್ಲ. ಕೊನೆಯ ಪುಟದ ಷರಾ ಮೊದಲು ಓದಬೇಕು, ಅಷ್ಟೇ. ವರದಿ ತೋರಿಸದ ಎರಡು ಕಂಪನಿಗಳನ್ನು ಅಲ್ಲೇ ಬಿಟ್ಟೆವು.

ಎರಡನೆಯದು ಬಿಡಿಭಾಗ. ಇಲ್ಲಿ ನನಗೆ ಗುರುಗಳು ಗಿಂಡಿ ಇಂಡಸ್ಟ್ರಿಯಲ್ ಎಸ್ಟೇಟಿನವರು. 1958ರಲ್ಲಿ ಶುರುವಾದ ಈ ಎಸ್ಟೇಟಿನಲ್ಲಿ ಇವತ್ತಿಗೂ ಲೇತ್ ತಿರುಗುವ ಸಣ್ಣ ಸಣ್ಣ ಷೆಡ್ಡುಗಳಿವೆ. ಮುಂಚೆ ನಾನು ಇವರ ಸಿಸಿ ಖಾತೆ ನೋಡುತ್ತಿದ್ದೆ, ಹಾಗಾಗಿ ಪರಿಚಯ. ಅವರಲ್ಲಿ ಹಿರಿಯರೊಬ್ಬರು ಬಿಡಿಭಾಗದ ಪುಸ್ತಕ ನೋಡಿ ಹೇಳಿದರು: "ಬೇರಿಂಗಿಗೆ ಬ್ರಾಂಡ್ ನೋಡಬೇಡಿ ಸಾರ್, ನಂಬರ್ ನೋಡಿ." 6205 ಅಂದರೆ ಜಗತ್ತಿನ ಎಲ್ಲಿ ಹೋದರೂ ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52. ಆಯಿಲ್ ಸೀಲ್, ಬೆಲ್ಟ್, ಫಿಲ್ಟರ್, ಹೈಡ್ರಾಲಿಕ್ ಹೋಸ್, ಟಯರ್ ಎಲ್ಲಕ್ಕೂ ಹೀಗೇ ಅಳತೆ ಇದೆ. ಸಿಗದೇ ಇರುವುದು ಗೇರ್ ಬಾಕ್ಸಿನ ಹಲ್ಲು, ಎರಕದ ಹೌಸಿಂಗ್, ಮುಂದಿನ ಆಕ್ಸಲ್. ಆ ಮೂರರ ಬೆಲೆ, ಅವು ಎಲ್ಲಿಂದ ಬರಬೇಕು ಅನ್ನುವುದನ್ನು ಡೀಲರ್ ಹತ್ತಿರ ಬರಹದಲ್ಲಿ ತೆಗೆದುಕೊಂಡೆವು.

ಮೂರನೆಯದು ಮೆಕ್ಯಾನಿಕ್. ಷೋರೂಮ್ ಶಿರಸಿಯಲ್ಲಿದ್ದರೆ ಸಾಲದು, ಬಿಚ್ಚಿ ಕಟ್ಟಬಲ್ಲವನು ಬೈಕಿನಲ್ಲಿ ಬರುವಷ್ಟು ಹತ್ತಿರ ಇರಬೇಕು. ನಮ್ಮ ಪುಣ್ಯಕ್ಕೆ ಟಿಲ್ಲರ್ ರಿಪೇರಿ ಮಾಡುವ ಹುಡುಗನೊಬ್ಬ ಹತ್ತು ಕಿಲೋಮೀಟರಿನಲ್ಲಿದ್ದಾನೆ. ಕೊಳ್ಳುವ ಮೊದಲೇ ಅವನನ್ನು ಕರೆದುಕೊಂಡು ಹೋಗಿ ಗಾಡಿ ತೋರಿಸಿದೆವು. ಅವನು ಒಪ್ಪಿದ ಮೇಲೇ ಅಡ್ವಾನ್ಸ್.

ದುಡ್ಡಿನ ವಿಷಯ. ಟ್ರ್ಯಾಕ್ಟರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಐದು ಲಕ್ಷಕ್ಕೆ ಮೂವತ್ತೈದು ಸಾವಿರ ಉಳಿತಾಯ, ಅಂದರೆ ಒಂದು ಸಂಕದ ಖರ್ಚು. ಸಾಲ ಬೇಡ, ನಾನು ಕೊಡುತ್ತೇನೆ ಅಂದೆ. ಅಣ್ಣ ಒಪ್ಪಲಿಲ್ಲ. ನಮ್ಮದು ಇನ್ನೂ ಹಿಸ್ಸೆ ಆಗದ ಜಮೀನು, ಇಂಥ ಕಡೆ ದುಡ್ಡು ಬಹಳ ಸೂಕ್ಷ್ಮ. ಇವಳೂ ಕೇಳಿದಳು, "ದುಡ್ಡು ನಮ್ಮದು, ಆರ್‌ಸಿ ಭಾವನವರ ಹೆಸರಲ್ಲಿ. ನಾಳೆ ಮಕ್ಕಳ ಕಾಲಕ್ಕೆ?" ಕೇಳಿದ್ದು ಸರಿಯೇ. ಸಾಲದ ಕಾಗದ ಮೂವತ್ತು ವರ್ಷ ನೋಡಿದವನ ಹೆಂಡತಿ ಕೇಳದೆ ಇನ್ಯಾರು ಕೇಳಬೇಕು! ಕೊನೆಗೆ ಅರ್ಧ ನಾನು, ಅರ್ಧ ಅಣ್ಣ ಚಾಲಿ ಮಾರಿದ ದುಡ್ಡಿನಲ್ಲಿ ಅಂತಾಯಿತು. ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅಣ್ಣನಿಗೆ ಸ್ವಲ್ಪ ಬೇಸರವಾಯಿತು ಅನ್ನಿಸುತ್ತದೆ. ಆದರೆ ಅತ್ತಿಗೆ, "ಬರ್ದಿಟ್ಟಿದ್ದು ಒಳ್ಳೇದೇ ಆತು" ಅಂದರು.

ಗಾಡಿ ದೀಪಾವಳಿಗೆ ಬಂತು. ನಾನು ಹೋಗಿದ್ದೆ. ಬೆಟ್ಟದಲ್ಲಿ ಅದನ್ನು ಓಡಿಸಿದ ಮೇಲೆ ಗೊತ್ತಾದದ್ದು ಕೆಲವಿದೆ, ಇದು ಕಾಡಿನ ಜಾಗ ಇರುವವರಿಗೆ. ಒಣಗಿದ ದರಕಿನ ಮೇಲೆ ಟಯರ್ ಎಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತದೆ. ಇಳಿಜಾರಿನಲ್ಲಿ ಅಡ್ಡ ಹೋಗಬಾರದು, ನೇರ ಹತ್ತಬೇಕು, ನೇರ ಇಳಿಯಬೇಕು. ಇಳಿಯುವಾಗ ಸಣ್ಣ ಗೇರು, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಜೀವಕ್ಕೆ ಸಂಚಕಾರ. ಭಾರವನ್ನು ಕೆಳಗಿನ ಕೊಕ್ಕೆಗೇ ಕಟ್ಟಬೇಕು, ಮೇಲೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ರೇಡಿಯೇಟರ್ ಜಾಲರಿಗೆ ತರಗೆಲೆ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ, ಗಂಟೆಗೊಮ್ಮೆ ಕೈಯಿಂದ ತೆಗೆಯಬೇಕು. ಸೈಲೆನ್ಸರ್ ಬಿಸಿ ಇರುವಾಗ ದರಕಿನ ರಾಶಿಯ ಮೇಲೆ ನಿಲ್ಲಿಸಲೇಬಾರದು. ಉರುಳಿದರೆ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು, ಸೀಟ್ ಬೆಲ್ಟ್ ಎರಡೂ ಹಾಕಿಸಿದ್ದೇವೆ.

ಅತ್ತಿಗೆಯ ಕಾನೂನು ಇನ್ನೊಂದಿದೆ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಅಣ್ಣ ಒಬ್ಬನೇ ಗಾಡಿ ತೆಗೆದುಕೊಂಡು ಹೋಗುವ ಹಾಗಿಲ್ಲ. ಹೊರೆ ಹೊತ್ತ ಕಾಲದಲ್ಲಿ ಕೂಗಿದರೆ ಓಗೊಡಲು ನಾಲ್ಕು ಜನ ಇರುತ್ತಿದ್ದರು, ಈಗ ಯಾರಿದ್ದಾರೆ ಅಂತ ಅವರ ವಾದ. ಜೊತೆಗೆ ಹೋಗುವುದು ಅವರೇ. ಹೋಗಿ ಹೋಗಿ ಈಗ ಬೆಟ್ಟದ ದಾರಿಯಲ್ಲಿ ಸಪಾಟು ಜಾಗ ಬಂದಲ್ಲಿ ಸ್ಟಿಯರಿಂಗ್ ಕೂಡ ಹಿಡಿಯುತ್ತಾರಂತೆ. ಅಣ್ಣನೇ ಹೇಳಿದ್ದು, ಸ್ವಲ್ಪ ದೂರುವ ಧಾಟಿಯಲ್ಲಿ.

ಡಿಸೆಂಬರಿನಲ್ಲಿ ಕೊನೆಕೊಯ್ಲಿನ ನಡುವೆ ಹೈಡ್ರಾಲಿಕ್ ಹೋಸ್ ಒಡೆಯಿತು. ಡೀಲರ್ ಇಪ್ಪತ್ತು ದಿನ ಅಂದ. ಅಣ್ಣ ಒಡೆದ ಹೋಸನ್ನೇ ಬಸ್ಸಿನಲ್ಲಿ ಕಳಿಸಿದ. ನಾನು ಊಟದ ಬಿಡುವಿನಲ್ಲಿ ಎಸ್ಟೇಟಿಗೆ ಹೋದೆ, ಅದೇ ಉದ್ದ, ಅದೇ ತಿರುಪಿನ ಹೋಸನ್ನು ಒತ್ತಿ ಕೊಟ್ಟರು. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಹೆಚ್ಚುವರಿಯಾಗಿಯೂ ಮಾಡಿಸಿ ಕಳಿಸಿದೆ. ಅಣ್ಣನ ಪ್ರಶ್ನೆಗೆ ಅಷ್ಟರ ಮಟ್ಟಿಗೆ ಉತ್ತರ ಸಿಕ್ಕಿತು. ಗೇರ್ ಬಾಕ್ಸ್ ಹೋದ ದಿನ ಏನು ಅಂತ ಕೇಳಬೇಡಿ, ಅದಕ್ಕೆ ಸ್ವಲ್ಪ ದುಡ್ಡು ಎಫ್‌ಡಿಯಲ್ಲಿ ಬೇರೆ ಇಟ್ಟಿದ್ದೇವೆ.

ಕೊಯ್ಲು ಮುಗಿಯುವಾಗ ಮೀಟರಿನಲ್ಲಿ 140 ಗಂಟೆ ಓಡಿತ್ತು. ಒಂದು ಟ್ರಿಪ್ಪಿಗೆ ಹನ್ನೆರಡು ಹೊರೆಯಷ್ಟು ದರಕು ಬರುತ್ತದೆ. ಕೊಟ್ಟಿಗೆಯ ಪಕ್ಕದ ಮಾಡು ನಾಲ್ಕು ವರ್ಷದ ನಂತರ ಮೊದಲ ಸಲ ತುಂಬಿದೆ. ಬರೀ ರೂಪಾಯಿ ಲೆಕ್ಕ ಹಾಕಿದರೆ ಟ್ರ್ಯಾಕ್ಟರ್ ಗಿಟ್ಟಲು ಏಳೆಂಟು ವರ್ಷ ಬೇಕು, ಬಡ್ಡಿ ಸೇರಿಸಿದರೆ ಇನ್ನೂ ಜಾಸ್ತಿ. ಸಾಲಕ್ಕೆ ಯಾರಾದರೂ ಇದೇ ಲೆಕ್ಕ ತಂದು ನನ್ನ ಮೇಜಿನ ಮೇಲಿಟ್ಟಿದ್ದರೆ ಎರಡು ಸಲ ಯೋಚಿಸುತ್ತಿದ್ದೆ.

ಆದರೆ ಈ ವರ್ಷ ಅಣ್ಣ ಲೀಸಿನ ಮಾತು ಎತ್ತಿಲ್ಲ. ಕಳೆದ ವಾರ ಫೋನ್ ಮಾಡಿದವನು, ತೋಟದ ಖಾಲಿ ಜಾಗಕ್ಕೆ ಐವತ್ತು ಅಡಿಕೆ ಸಸಿ ತರಬೇಕು ಅಂದ. ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ನನ್ನ ನಿವೃತ್ತಿಗೆ ಇನ್ನು ಮೂರೇ ವರ್ಷ. ಟ್ರ್ಯಾಕ್ಟರ್ ಕಲಿಯಲು ಅಷ್ಟು ಸಮಯ ಸಾಕು ಅಂದುಕೊಂಡಿದ್ದೇನೆ.