ತಂತಿ ಮುಟ್ಟಿಸಿದರೆ ಮೆತ್ತಗಾಗುವ ಕಲ್ಲು

ಗ್ಯಾಸ್ ಲೈಟರ್ ಒತ್ತಿದಾಗ ಟಕ್ ಅಂತ ಕಿಡಿ ಹಾರುತ್ತಲ್ಲ, ಅದರೊಳಗೆ ಬ್ಯಾಟರಿ ಇಲ್ಲ. ಪಿಂಗಾಣಿಯಂಥ ಪುಟ್ಟ ತುಂಡಿಗೆ ಪೆಟ್ಟು ಬೀಳುತ್ತದೆ, ಅದು ವಿದ್ಯುತ್ತು ಕಕ್ಕುತ್ತದೆ, ಅಷ್ಟೇ. ಈ ಪೀಜೋ ಗುಣವನ್ನು 1880ರಲ್ಲಿ ಕಂಡುಹಿಡಿದವರು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಇನ್ನೊಂದು ಸಂಗತಿ. ತುಂಡಿನ ಎರಡು ಮುಖಗಳನ್ನು ಒಂದು ತಂತಿಯಿಂದ ಸೇರಿಸಿದರೆ ಅದು ಚೂರು ಮೆತ್ತಗಾಗುತ್ತದೆ. ತಂತಿ ಕಿತ್ತರೆ ಮತ್ತೆ ಗಟ್ಟಿ! ಒತ್ತಿದಾಗ ಹುಟ್ಟಿದ ವಿದ್ಯುತ್ತಿಗೆ ಹೊರದಾರಿ ಇಲ್ಲದಿದ್ದರೆ ಅದು ಅಲ್ಲೇ ಕೂತು ಎದುರು ಒತ್ತುತ್ತದೆ. ದಾರಿ ಕೊಟ್ಟರೆ ಆ ಹಟ ಇಳಿಯುತ್ತದೆ. ನಮ್ಮ ಬೆರಳಿಗೆ ಇದು ತಿಳಿಯೋದಿಲ್ಲ. ಒಳಗೆ ಸಾಗುವ ಕಂಪನದ ಅಲೆಗೆ ತಿಳಿಯುತ್ತದೆ, ಗಟ್ಟಿಯಾದಷ್ಟೂ ಅದರ ಓಟ ಜೋರು.

ಈಗ ಮ್ಯಾಡ್ರಿಡ್‌ಗೆ ಬನ್ನಿ. ಅಲ್ಲಿ ಯುಸೇಬಿಯೊ ಸೆಂಪೆರೆ ಎಂಬ ಕಲಾವಿದ ಮಾಡಿದ ಶಿಲ್ಪವೊಂದಿದೆ, 10 ಸೆಂಟಿಮೀಟರ್‌ಗೊಂದರಂತೆ ಸಾಲಾಗಿ ನಿಂತ ಉಕ್ಕಿನ ಕೊಳವೆಗಳು. 1995ರಲ್ಲಿ ವಿಜ್ಞಾನಿಗಳು ಅಳೆದು ನೋಡಿದರೆ, 1670 ಹರ್ಟ್ಸ್ ಆಸುಪಾಸಿನ ಸದ್ದು ಅದನ್ನು ದಾಟಲು ಒದ್ದಾಡುತ್ತಿತ್ತು. ಆ ಸದ್ದಿನ ಅಲೆಯುದ್ದ ಗಾಳಿಯಲ್ಲಿ ಸುಮಾರು 20 ಸೆಂಟಿಮೀಟರ್, ಅಂದರೆ ಕೊಳವೆಗಳ ಅಂತರದ ಎರಡರಷ್ಟು. ಪ್ರತಿ ಸಾಲಿನಿಂದಲೂ ಮರಳಿದ ಅಲೆಗಳು ಒಂದಕ್ಕೊಂದು ಕೈಜೋಡಿಸಿ ಸದ್ದನ್ನು ಬಂದ ದಾರಿಗೇ ಅಟ್ಟುತ್ತವೆ. ಇಂಥ ರಚನೆಗೆ ಫೋನಾನಿಕ್ ಸ್ಫಟಿಕ ಅಂತ ಹೆಸರು. ತೊಂದರೆಯೇನೆಂದರೆ, ನೆಟ್ಟ ಕೊಳವೆ ನೆಟ್ಟದ್ದೇ. ಬೇರೆ ಸದ್ದನ್ನು ತಡೆಯಬೇಕೆಂದರೆ ಕಿತ್ತು ಮತ್ತೆ ನೆಡಬೇಕು.

ಕೊಳವೆಯ ಬದಲು ಪೀಜೋ ತುಂಡುಗಳ ಸಾಲು ಇಟ್ಟರೆ? ಪ್ರತಿಯೊಂದಕ್ಕೂ ಒಂದು ತಂತಿಸುರುಳಿ ಜೋಡಿಸಿದರೆ ಪೀಜೋ ತುಂಡು ಕೆಪಾಸಿಟರ್‌ನಂತೆ ನಡೆದುಕೊಂಡು ಸುರುಳಿಯೊಡನೆ ಅನುರಣಿಸುತ್ತದೆ, ಆ ಆವರ್ತಾಂಕದ ಅಲೆಗೆ ಬಾಗಿಲು ಹಾಕುತ್ತದೆ. ಸುರುಳಿ ಬದಲಾಯಿಸಿದರೆ ಮುಚ್ಚುವ ಬಾಗಿಲೂ ಬದಲು. ಹಳೇ ರೇಡಿಯೋದ ಕಿವಿ ಹಿಂಡಿದ ಹಾಗೇ! ವಸ್ತುವನ್ನು ಮುಟ್ಟದೆ ಅದರ ಗುಣ ತಿರುಗಿಸೋದು ಅಂದರೆ ನನಗಂತೂ ಈಗಲೂ ಮಾಟದಂತೆಯೇ ಕಾಣುತ್ತದೆ.

ನಮ್ಮ ಕಟ್ಟಡದ ನೀರಿನ ಮೋಟಾರಿನ ಗುಂಯ್‌ಗುಡುವಿಕೆ ಗೋಡೆಯೊಳಗಿಂದ ನನ್ನ ದಿಂಬಿನವರೆಗೂ ಬರುತ್ತದೆ. ಸಹಜವಾಗಿ ಆಸೆಯಾಯಿತು, ಲೆಕ್ಕ ಹಾಕಿದೆ. 50 ಹರ್ಟ್ಸ್ ಅಂತಿಟ್ಟುಕೊಂಡರೆ, 20 ನ್ಯಾನೋಫ್ಯಾರಡ್‌ನ ಒಂದು ಬಜರ್ ಬಿಲ್ಲೆಗೆ ಬೇಕಾಗುವ ಸುರುಳಿ ಸುಮಾರು 500 ಹೆನ್ರಿ. ಅಷ್ಟು ತಂತಿ ಸುತ್ತಿದರೆ ಮೋಟಾರಿಗಿಂತ ಅದೇ ಭಾರ! ಅದಕ್ಕೇ ಸಂಶೋಧಕರು ಆಪ್-ಆಂಪ್ ಚಿಪ್ಪುಗಳಿಂದ ಸುರುಳಿಯ ವೇಷ ಹಾಕಿಸುತ್ತಾರೆ. ಅದಕ್ಕೆ ಕರೆಂಟು ಬೇಕು, ಹದ ತಪ್ಪಿದರೆ ಅದೇ ಕೂಗತೊಡಗುವುದೂ ಉಂಟು. ಸದ್ಯಕ್ಕೆ ಮೋಟಾರಿನಡಿ ದಪ್ಪ ರಬ್ಬರ್ ಹಾಕಿಸಿ ಅಂತ ಮಾಲೀಕರಿಗೆ ಹೇಳಿದ್ದೇನೆ.