ಮರಣಾನಂತರದ ಮನ್ನಣೆ

ಸ್ವಾತಂತ್ರ್ಯಕ್ಕಾಗಿ ಸೆರೆಮನೆಯನ್ನು ಕಂಡವರು ಮುಂದೆ ಶಾಸನಸಭೆಯನ್ನು ಸೇರಿ, ರಾಜ್ಯಭಾರವನ್ನು ಹೊತ್ತು, ಕಾಲಾಧೀನರಾದ ಮೇಲೆ ಅವರಿಗೆ ಯಾವ ಮರ್ಯಾದೆ ಸಲ್ಲತಕ್ಕದ್ದೆಂಬ ಚರ್ಚೆ ಜನರಲ್ಲಿ ಹುಟ್ಟುವುದು ಸಹಜ. ಪ್ರತಿಮೆ ಬೇಕೆಂದು ಕೆಲವರು. ಬಿರುದು ಬೇಕೆಂದು ಕೆಲವರು. ಇದ್ದಾಗ ಅನ್ನವಿಕ್ಕದವರು ಸತ್ತಮೇಲೆ ಪಿಂಡವಿಟ್ಟರೇನು ಫಲವೆಂದು ಮೂಗು ಮುರಿಯುವವರೂ ಉಂಟು.

ವಿರೂಪಾಕ್ಷಿಪುರ, ಚನ್ನಪಟ್ಟಣ, ರಾಮನಗರಗಳ ಸೀಮೆಯವರಿಗೆ ಈ ಪ್ರಶ್ನೆ ದೂರದ್ದಲ್ಲ. 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಹನುಮಂತಯ್ಯನವರು ಕೆಂಗಲ್ಲಿನ ಆಂಜನೇಯನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತವರು. ವಕೀಲರಾಗಿ, ಹಲವು ಸಲ ಸೆರೆವಾಸವನ್ನು ಅನುಭವಿಸಿ, 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. 1951ರ ಜುಲೈ 13ರಂದು ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದ ಕಟ್ಟಡದ ನಕ್ಷೆಯನ್ನು ಹಿಗ್ಗಿಸಿ ವಿಧಾನಸೌಧವನ್ನಾಗಿಸಿದವರು ಇವರೇ. ಅದಕ್ಕಾದ ವೆಚ್ಚವೇ ಇವರ ಮೇಲೆ ಆಕ್ಷೇಪಣೆಗೆ ಕಾರಣವಾಯಿತು, ವಿಚಾರಣೆಯೂ ನಡೆಯಿತು. ಹಳೆಯ ಮೈಸೂರಿನ ಅನೇಕರು ಒಪ್ಪದಿದ್ದ ಕರ್ನಾಟಕದ ಏಕೀಕರಣವನ್ನು ಇವರು ಬೆಂಬಲಿಸಿದರು. ಆದರೆ 1956ರ ಆಗಸ್ಟಿನಲ್ಲಿ ಅಧಿಕಾರವನ್ನು ಬಿಡಬೇಕಾಯಿತು. ನವೆಂಬರ್ 1ರಂದು ವಿಶಾಲ ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ನಿಜಲಿಂಗಪ್ಪನವರು. 1980ರಲ್ಲಿ ಹನುಮಂತಯ್ಯನವರು ತೀರಿಕೊಂಡರು. ಇಂದು ಆ ಸೌಧದ ಬಳಿಯಲ್ಲಿಯೇ ಅವರ ಪ್ರತಿಮೆಯಿದೆ. ಬೆಂಗಳೂರಿನ ಡಬಲ್ ರಸ್ತೆಗೆ ಅವರ ಹೆಸರಿದೆ.

ನಿಂದೆಗೆ ಕಾರಣವಾದ ಕಟ್ಟಡವೇ ಕೀರ್ತಿಗೂ ಆಧಾರವಾಯಿತು. ಇದನ್ನು ಕಪಟವೆನ್ನಬಹುದೆ? ಹಾಗೆನ್ನುವುದು ಆತುರದ ಮಾತು. ಕಾಲವು ಮನುಷ್ಯನ ಕೆಲಸವನ್ನು ಮರಳಿ ತೂಗುತ್ತದೆ. ತೂಕ ಬದಲಾದುದನ್ನು ಒಪ್ಪಿಕೊಳ್ಳುವುದು ದೋಷವಲ್ಲ. ಮೊದಲಿನ ತೂಕವನ್ನು ಮರೆಮಾಡುವುದು ಮಾತ್ರ ದೋಷ.

ದೇಶದ ನಡಾವಳಿಯೂ ಇದನ್ನೇ ಕಲಿಸುತ್ತದೆ. 1954ರಲ್ಲಿ ಭಾರತರತ್ನವನ್ನು ಏರ್ಪಡಿಸಿದಾಗ ಗತಿಸಿದವರಿಗೆ ಕೊಡುವ ನಿಯಮವಿರಲಿಲ್ಲ. ಮರುವರ್ಷ ಅದು ಸೇರಿತು. 1966ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳಿಗೆ ಮೊದಲು ಸಂದಿತು. 1992ರಲ್ಲಿ ಸುಭಾಷ್ ಚಂದ್ರ ಬೋಸರಿಗೆ ಕೊಡುವುದಾಗಿ ಪ್ರಕಟಿಸಿದಾಗ 'ಮರಣೋತ್ತರ' ಎಂಬ ಒಂದು ಶಬ್ದಕ್ಕೇ ಆಕ್ಷೇಪವೆದ್ದಿತು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಕಟಣೆಯನ್ನು ರದ್ದಾದುದೆಂದು ಪರಿಗಣಿಸಿತು. ಸತ್ಯವು ನಿಶ್ಚಯವಾಗದ ಕಡೆ ಮರ್ಯಾದೆ ನಿಲ್ಲದು.

ಶ್ರದ್ಧೆಯಿಂದ ಮಾಡಿದುದೇ ಶ್ರಾದ್ಧವೆಂದು ಹಿರಿಯರು ಹೇಳುತ್ತಾರೆ. ಸತ್ತವನಿಗೆ ಹಾರದ ಹಂಬಲವಿಲ್ಲ. ಇರುವವರಿಗೆ ಕಲಿಯುವ ಅಗತ್ಯವುಂಟು. ಆದುದರಿಂದ ಪ್ರತಿಮೆಯ ಪೀಠದ ಮೇಲೆ ಸೆರೆವಾಸವನ್ನು ಬರೆಯುವಾಗ ವಿಚಾರಣೆಯನ್ನೂ ಬರೆಯಲಿ. ಸೌಧವನ್ನು ಕಟ್ಟಿದುದನ್ನು ಹೇಳುವಾಗ ಅಧಿಕಾರವನ್ನು ಕಳೆದುಕೊಂಡುದನ್ನೂ ಹೇಳಲಿ. ಶಾಸನಸಭೆಯ ನಡಾವಳಿಯ ಸಂಪುಟಗಳು ತಾಲ್ಲೂಕಿನ ವಾಚನಾಲಯಗಳಿಗೂ ಬರಲಿ. ಚನ್ನಪಟ್ಟಣದ ಬಾಲಕನೊಬ್ಬನು ಅವುಗಳಲ್ಲಿ ಹನುಮಂತಯ್ಯನವರ ಮಾತನ್ನೂ, ಅವರನ್ನು ಎದುರಿಸಿದವರ ಮಾತನ್ನೂ ಓದಿ, ತಾನೇ ತೂಗಿ ನೋಡಲಿ.